ಹೆಲ್ಸಿಂಕಿ–ಟೋಕಿಯೋ: ದೂರ ಅಷ್ಟೇ, ಗಂಟೆ ಬೇರೆ

ಎರಡು ಊರಿನ ಹೆಸರು ಟೈಪ್ ಮಾಡಿದ್ರೆ ಫೋನು ತಕ್ಷಣ ಎರಡು ಅಂಕಿ ತೋರಿಸುತ್ತೆ: ಇಷ್ಟು ಕಿಲೋಮೀಟರು, ಇಷ್ಟು ಗಂಟೆ. ಮೊದಲನೇದು ಭೂಗೋಳ. ಎರಡನೇದನ್ನ ನಾನು ಇತಿಹಾಸ ಅಂತೀನಿ. ಯಾಕೆ ಅಂತ ನೋಡೋಕೆ ಇವತ್ತು ಫಿನ್‌ಲ್ಯಾಂಡಿನ ಹೆಲ್ಸಿಂಕಿ, ಜಪಾನಿನ ಟೋಕಿಯೋ ತಗೊಳ್ಳೋಣ.

ನೇರ ದೂರ ಸುಮಾರು 7,800 ಕಿ.ಮೀ. ಗ್ಲೋಬಿನ ಮೇಲೆ ದಾರ ಎಳೆದು ನೋಡಿ, ಬಹುಪಾಲು ರಷ್ಯಾದ ಮೇಲೇ ಹೋಗುತ್ತೆ. ತೊಡಕು ಇರೋದೇ ಅಲ್ಲಿ. ಶೀತಲ ಸಮರ ಶುರುವಾದಾಗ ಸೋವಿಯತ್ ಒಕ್ಕೂಟ ಸೈಬೀರಿಯಾದ ಆಕಾಶವನ್ನ ಪಶ್ಚಿಮದ ವಿಮಾನಗಳಿಗೆ ಮುಚ್ಚಿತ್ತು. ಯುರೋಪಿನಿಂದ ಜಪಾನಿಗೆ ಹೊರಟವರು ಕರಾಚಿ, ಬ್ಯಾಂಕಾಕ್ ಅಂತ ಇಳಿದು ಹತ್ತಿ ಹೋಗೋಷ್ಟರಲ್ಲಿ ಸುಮಾರು 50 ಗಂಟೆ. 1957ರ ಫೆಬ್ರವರಿಯಲ್ಲಿ ಎಸ್‌ಎಎಸ್ ಕಂಪನಿ ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದ ದಾರಿ ಹಿಡಿದು, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು, ಟೋಕಿಯೋ ಪ್ರಯಾಣವನ್ನ ಸುಮಾರು 32 ಗಂಟೆಗೆ ಇಳಿಸಿತು. ಆಮೇಲೆ ಜೆಟ್ ಬಂತು, ಇನ್ನೂ ಕಮ್ಮಿಯಾಯ್ತು. 1970ರಿಂದ ಕೆಲವು ಕಂಪನಿಗಳಿಗೆ ಮಾಸ್ಕೋ ಮೂಲಕ ಹೋಗೋ ಅವಕಾಶವೂ ಸಿಕ್ಕಿತು. ಮಿಕ್ಕವರಿಗೆ ಆಂಕರೇಜೇ ಗತಿ. ಅಲ್ಲಿನ ನಿಲ್ದಾಣದ ಉದೋನ್ ನೂಡಲ್ಸ್ ಅಂಗಡಿಯನ್ನ ಹಳೇ ಜಪಾನಿ ಪ್ರಯಾಣಿಕರು ಇವತ್ತಿಗೂ ನೆನೆಸ್ತಾರೆ. ನಮ್ಮ ರಾತ್ರಿ ಬಸ್ಸು ಊಟಕ್ಕೆ ನಿಲ್ಲಿಸೋ ಹೋಟೆಲಿನ ಥರ ಅಂದ್ಕೊಳ್ಳಿ.

1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಎಲ್ಲೂ ಇಳಿಯದೆ ಹೋಗೋಕೆ ಶುರುಮಾಡಿತು. ಡಿಸಿ-10 ವಿಮಾನ, ಧ್ರುವ ದಾಟಿ, ಅಲಾಸ್ಕಾ–ರಷ್ಯಾ ನಡುವಿನ ಬೇರಿಂಗ್ ಜಲಸಂಧಿಯ ಮೇಲೆ ಇಳಿಮುಖವಾಗಿ ಟೋಕಿಯೋಗೆ. ಸುಮಾರು 13 ಗಂಟೆ.

ಈ ಸುತ್ತುದಾರಿ ಅಂದ್ರೆ ಬರೀ ಸಮಯದ ಮಾತಲ್ಲ, ಗಮನಿಸಿ. ಅದೇ ವರ್ಷ ಸೆಪ್ಟೆಂಬರ್ 1ರಂದು ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್ ಲೈನ್ಸ್ 007 ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯ್ತು. ಸಖಾಲಿನ್ ದ್ವೀಪದ ಹತ್ತಿರ ಸೋವಿಯತ್ ಯುದ್ಧವಿಮಾನ ಅದನ್ನ ಹೊಡೆದುರುಳಿಸಿತು. 269 ಜನ, ಒಬ್ಬರೂ ಉಳೀಲಿಲ್ಲ. ಅದೇ ತಿಂಗಳು ರೇಗನ್ ಸರ್ಕಾರ, ಆಗಿನ್ನೂ ಸಿದ್ಧವಾಗ್ತಿದ್ದ ಜಿಪಿಎಸ್ ಅನ್ನ ಮುಂದೆ ನಾಗರಿಕ ವಿಮಾನಗಳಿಗೂ ಕೊಡ್ತೀವಿ ಅಂತ ಹೇಳಿತು. ನೀವು ಕ್ಯಾಬ್ ಬುಕ್ ಮಾಡುವಾಗ ಕಾಣೋ ನೀಲಿ ಚುಕ್ಕೆಯ ಹಿಂದೆ ಈ ಸಾವುಗಳೂ ಇವೆ.

ಮುಂದೆ ಸೈಬೀರಿಯಾ ತೆರೀತು. ಪುಕ್ಕಟೆ ಅಲ್ಲ, ಮೇಲೆ ಹಾರೋದಕ್ಕೆ ರಷ್ಯಾಗೆ ದುಡ್ಡು ಕಟ್ಟಬೇಕಿತ್ತು. ಹೆಲ್ಸಿಂಕಿ–ಟೋಕಿಯೋ ಒಂಬತ್ತೂವರೆ ಗಂಟೆಗೆ ಇಳೀತು. ಈ ಹತ್ತಿರದ ದಾರಿಯನ್ನೇ ನಂಬಿ ಫಿನ್‌ಏರ್ ತನ್ನ ಏಷ್ಯಾ ವ್ಯಾಪಾರ ಕಟ್ಟಿಕೊಂಡಿತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ. ಯುರೋಪು ರಷ್ಯಾಗೆ ಆಕಾಶ ಮುಚ್ಚಿತು, ರಷ್ಯಾ ಯುರೋಪಿಗೆ ಮುಚ್ಚಿತು. ಮಾರ್ಚ್‌ನಲ್ಲಿ ಫಿನ್‌ಏರ್ ಮತ್ತೆ ಧ್ರುವದ ಮೇಲೆ ಹೊರಟಿತು. ವಿಮಾನ ಹೊಚ್ಚಹೊಸ ಎ350, ಗಂಟೆ ಮಾತ್ರ ಹಳೇ 13! ಪ್ರಯಾಣಿಕರ ಕೈಗೆ ಧ್ರುವ ದಾಟಿದ್ದಕ್ಕೆ ಒಂದು ಸರ್ಟಿಫಿಕೇಟು. ಚೀನಾದ ಕಂಪನಿಗಳು, ನಮ್ಮ ಏರ್ ಇಂಡಿಯಾ ಮಾತ್ರ ರಷ್ಯಾ ಮೇಲೇ ಹಾರ್ತಾ ಇದ್ವು.

ಆದ್ರೆ ನಮಗೂ ಬೇರೆ ಕಡೆ ಬಾಗಿಲು ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದ ಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ದಕ್ಷಿಣಕ್ಕೆ ಸುತ್ತಿ, ಇಂಧನಕ್ಕೆ ಅಂತ ವಿಯೆನ್ನಾದಲ್ಲಿ ಇಳಿಯೋ ಹಾಗಾಯ್ತು. ಆಂಕರೇಜ್‌ನಲ್ಲಿ ಇಳೀತಿದ್ದ ಹಾಗೇ.