ನಾವು ಬರೆದ ಸೂರ್ಯ

ಹೋದ ವರ್ಷ ಆರು ತಿಂಗಳು ನಾವು ಇಬ್ಬರು ಗೆಳೆಯರು ಒಂದು ಕೇರಿಯ ಸಮುದಾಯ ಭವನದಲ್ಲಿ, ಶಾಲೆ ಬಿಟ್ಟ ಮೇಲೆ, ಮಕ್ಕಳಿಗೆ ಚಿತ್ರ ಹೇಳಿಕೊಟ್ಟೆವು. ಮಕ್ಕಳು ಮೇಷ್ಟ್ರು ಅಂತ ಕರೆಯುತ್ತಿದ್ದರೂ ನಾವು ಮೇಷ್ಟ್ರಲ್ಲ, ತರಬೇತಿಯವರು. ಕೈಗೆ ಬಸ್ ಚಾರ್ಜು, ಕೊನೆಗೊಂದು ಸರ್ಟಿಫಿಕೇಟು. ನಮ್ಮ ಮನೆಗಳಲ್ಲಿ ನಮಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಬಣ್ಣದ ಡಬ್ಬಿಯನ್ನು ನಾವು ಮೊದಲ ಸಲ ಮುಟ್ಟಿದ್ದೂ ಆ ಭವನದಲ್ಲೇ, ಮಕ್ಕಳ ಜೊತೆಗೇ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೊದಲ ದಿನ ಕರಿಹಲಗೆಯ ಮೇಲೆ ನಮಗೆ ಗೊತ್ತಿದ್ದ ಒಂದೇ ಒಂದು ಚಿತ್ರ ಬರೆದೆವು. ಎರಡು ಗುಡ್ಡ, ನಡುವೆ ಹುಟ್ಟೋ ಸೂರ್ಯ, ಒಂದು ಹೊಳೆ, ತೆಂಗಿನ ಮರ, ಹೆಂಚಿನ ಮನೆ. ಮಕ್ಕಳು ನೋಡಿಕೊಂಡು ಬರೆದವು. 22 ಹಾಳೆ, 22 ಸೂರ್ಯ. ಆ ಕೇರಿಯ ಸುತ್ತ ಗುಡ್ಡವಿಲ್ಲ, ಹೊಳೆಯಿಲ್ಲ. ಇರುವುದು ಒಂದು ಚರಂಡಿ, ಒಂದು ನಲ್ಲಿ.

ಎರಡನೇ ವಾರ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಹಾಳೆಗೆ ಹಾಳೆಯನ್ನೇ ಕಪ್ಪು ಬಳಿದು ಕೂತಿದ್ದಳು. ‘ಏನವ್ವ ಇದು?’ ಅಂದೆವು. ‘ನಮ್ಮವ್ವ ಕಸ ಗುಡ್ಸಕ್ಕೆ ಓಯ್ತಾಳಲ್ಲ ಸಾ, ಆವಾಗ’ ಅಂದಳು. ಅವಳವ್ವ ಪೌರಕಾರ್ಮಿಕೆ. ಕೋಳಿ ಕೂಗುವುದಕ್ಕೆ ಮುಂಚೆ ಪೊರಕೆ ಹಿಡಿದು ಪೇಟೆಗೆ ಹೋಗುವವಳು. ಕಣ್ಣಿಟ್ಟು ನೋಡಿದರೆ ಆ ಕಪ್ಪಿನೊಳಗೆ ಇನ್ನೂ ಗಟ್ಟಿ ಕಪ್ಪಿನಲ್ಲಿ ಒಬ್ಬ ಹೆಂಗಸು ಬಗ್ಗಿ ನಿಂತಿದ್ದಳು. ನಾವೇನು ಮಾಡಿದೆವು? ಹುಡುಗಿಯ ಕೈಯಿಂದ ಹಾಳೆ ಇಸ್ಕೊಂಡು, ಬಿಳಿ ಉಳಿದಿದ್ದ ಒಂದು ಮೂಲೆಯಲ್ಲಿ ಹಳದಿ ಸೂರ್ಯ ಬರೆದೆವು. ‘ನೋಡು, ಈಗ ಚೆನ್ನಾಗಾಯ್ತು’ ಅಂದೆವು. ಹುಡುಗಿ ಮಾತಾಡಲಿಲ್ಲ. ಮಾರನೆಯ ದಿನದಿಂದ ಗುಡ್ಡ, ಹೊಳೆ, ಹೆಂಚಿನ ಮನೆ ಬರೆಯತೊಡಗಿದಳು.

ನಾವು ಮಾಡಿದ್ದೇನು ಅನ್ನೋದು ನಮಗೆ ತಿಳಿದದ್ದು ಆಮೇಲೆ, ಗೆಳೆಯನೊಬ್ಬ ತಂದುಕೊಟ್ಟ ಒಂದು ಪುಸ್ತಕದಿಂದ. ಅದರಲ್ಲಿ ಇದ್ದದ್ದು ಎಂಬತ್ತು ವರ್ಷದ ಹಿಂದಿನ ಮಕ್ಕಳ ಚಿತ್ರಗಳು. ಅವನ್ನು ಬರೆಸಿದ ಹೆಂಗಸಿನ ಕತೆಯನ್ನು ಇಲ್ಲಿ ಹೇಳಬೇಕಾಗಿದೆ.

ಹೆಸರು ಫ್ರೀಡ್ಲ್ ಡಿಕರ್. ಹುಟ್ಟಿದ್ದು 1898ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ, ಯೆಹೂದಿ ಮನೆಯಲ್ಲಿ. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಕಾಗದ, ಪೆನ್ಸಿಲು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಹೀಗೆ ಬಡತನದಲ್ಲೂ ಆಕೆಗೆ ಹಾಳೆಯ ಬರ ಬರಲಿಲ್ಲ. (ನಮಗೆ ಹೊಟ್ಟೆಕಿಚ್ಚಾದದ್ದು ಈ ಒಂದು ಕಡೆ ಮಾತ್ರ.) 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಎಂಬ ಹೊಸ ಕಲಾಶಾಲೆ ಸೇರಿ ನಾಲ್ಕು ವರ್ಷ ಕಲಿತಳು. ವಿಯೆನ್ನಾಕ್ಕೆ ಮರಳಿ ಕುರ್ಚಿ, ಮೇಜು, ಮನೆ, ಮಕ್ಕಳ ಶಾಲೆಯ ಒಳಾಂಗಣ ಎಲ್ಲವನ್ನೂ ವಿನ್ಯಾಸ ಮಾಡಿದಳು. ಕಮ್ಯುನಿಸ್ಟಳಾದಳು. ಫೋಟೋಗಳನ್ನು ಕತ್ತರಿಸಿ ಅಂಟಿಸಿ ಫ್ಯಾಸಿಸ್ಟರ ವಿರುದ್ಧ ಪೋಸ್ಟರ್ ಮಾಡಿದಳು. 1934ರಲ್ಲಿ ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಬಿಡುಗಡೆಯಾದ ಮೇಲೆ ಗಡಿ ದಾಟಿ ಪ್ರಾಗ್ ಸೇರಿದಳು.

ಪ್ರಾಗ್‌ನಲ್ಲಿ ಆಗ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ತುಂಬಿದ್ದರು. ಅವರ ಮಕ್ಕಳನ್ನು ಕೂರಿಸಿಕೊಂಡು ಫ್ರೀಡ್ಲ್ ಚಿತ್ರ ಕಲಿಸತೊಡಗಿದಳು. ಆಕೆಯ ಹಿಂದೆಯೇ ವಿಯೆನ್ನಾದಿಂದ ಬಂದವಳು ಎಡಿತ್ ಕ್ರೇಮರ್. 1916ರಲ್ಲಿ ಹುಟ್ಟಿದವಳು, ಆಗಿನ್ನೂ ಹದಿನೆಂಟರ ಆಸುಪಾಸು. ಕ್ಲಾಸಿನಲ್ಲಿ ಅವಳದು ಸಹಾಯಕಿಯ ಕೆಲಸ, ಅಂದರೆ ನಮ್ಮಂಥ ತರಬೇತಿಯವಳು. ಹೆದರಿದ ಮಕ್ಕಳು ಹೇಗೆ ಚಿತ್ರ ಬರೆಯುತ್ತಾರೆ ಅನ್ನೋದನ್ನ ಮೊದಲು ಕಂಡದ್ದು ಅಲ್ಲಿ ಎಂದು ಎಡಿತ್ ಮುಂದೆ ನೆನೆಸಿಕೊಂಡಿದ್ದಾಳೆ. 1938ರಲ್ಲಿ ಅವಳು ಹಡಗು ಹತ್ತಿ ನ್ಯೂಯಾರ್ಕಿಗೆ ಹೋದಳು. ಫ್ರೀಡ್ಲ್‌ಗೂ ಹೊರಗೆ ಹೋಗಲು ಕಾಗದಪತ್ರ ಸಿಕ್ಕಿತ್ತು. ಗಂಡ ಪಾವೆಲ್ ಬ್ರಾಂಡೈಸ್‌ಗೆ ಸಿಕ್ಕಿರಲಿಲ್ಲ. ಅವನನ್ನು ಬಿಟ್ಟು ಆಕೆ ಹೋಗಲಿಲ್ಲ.

1942ರ ಡಿಸೆಂಬರಿನಲ್ಲಿ ಗಂಡಹೆಂಡಿರನ್ನು ತೆರೆಜೀನ್‌ಗೆ ಸಾಗಿಸಿದರು. ಅದು ಹದಿನೆಂಟನೇ ಶತಮಾನದಲ್ಲಿ ಸೈನಿಕರಿಗೆಂದು ಕಟ್ಟಿದ ಕೋಟೆಯ ಊರು. ಸುಮಾರು 7,000 ಜನ ಇರುವ ಜಾಗ. ನಾಜಿಗಳು ಅದನ್ನು ಯೆಹೂದಿಗಳ ಘೆಟ್ಟೋ ಮಾಡಿ 1942ರ ಸೆಪ್ಟೆಂಬರಿನ ಹೊತ್ತಿಗೆ 58,000ಕ್ಕೂ ಹೆಚ್ಚು ಜನರನ್ನು ತುರುಕಿದ್ದರು. ಘೆಟ್ಟೋ ಅನ್ನುವ ಮಾತು ಹುಟ್ಟಿದ್ದು 1516ರಲ್ಲಿ, ವೆನಿಸ್ ನಗರ ತನ್ನ ಯೆಹೂದಿಗಳನ್ನು ಒಂದು ಮೂಲೆಗೆ ಹಾಕಿ ಬೀಗ ಜಡಿದಾಗ. ‘ಊರಾಚೆ’ ಅನ್ನುವುದು ಅದಕ್ಕಿಂತ ಬಹಳ ಹಳೆಯ ಮಾತು ಅಂತ ನಾವಿಲ್ಲಿ ಹೇಳಿದರೆ ತಪ್ಪಾಗಲಾರದು. ಆದರೆ ಕೇರಿಯನ್ನೂ ತೆರೆಜೀನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾವು ಹೊರಟಿಲ್ಲ. ಅಲ್ಲಿಂದ ರೈಲು ಹೊರಡುತ್ತಿದ್ದದ್ದು ಆಶ್‌ವಿಟ್ಸ್‌ನ ಗ್ಯಾಸ್ ಕೋಣೆಗಳಿಗೆ.

ಒಬ್ಬೊಬ್ಬರು ಒಯ್ಯಬಹುದಾಗಿದ್ದ ಗಂಟು 50 ಕಿಲೋ. ಜನ ಅನ್ನ, ಬಟ್ಟೆ ಕಟ್ಟಿಕೊಂಡರು. ಫ್ರೀಡ್ಲ್ ಬಣ್ಣ, ಕಾಗದ ಕಟ್ಟಿಕೊಂಡಳು. ಹಾಸಿಗೆಯ ಬಟ್ಟೆಗಳಿಗೂ ಬಣ್ಣ ಅದ್ದಿ ಒಯ್ದಳಂತೆ, ಮಕ್ಕಳು ನಾಟಕ ಆಡಿದರೆ ಪರದೆಗಾಗಲಿ ಅಂತ. ಅಲ್ಲಿ ಮಕ್ಕಳಿಗೆ ಪಾಠ ಹೇಳುವುದು ನಿಷಿದ್ಧ. ಹಾಡು, ಚಿತ್ರ, ಕೈಕೆಲಸಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಅಕ್ಷರಕ್ಕೆ ಹೆದರುವ ಪ್ರಭುಗಳು ಬಣ್ಣಕ್ಕೆ ಹೆದರುವುದಿಲ್ಲ. ತಂದ ಕಾಗದ ಎಷ್ಟು ದಿನ ಬಂದೀತು? ಮುಗಿದ ಮೇಲೆ ಕಚೇರಿಯ ಹಳೇ ಫಾರಮ್ಮುಗಳ ಬೆನ್ನು, ಪೊಟ್ಟಣ ಕಟ್ಟಿದ ಕಾಗದ, ಸಿಕ್ಕಿದ್ದೆಲ್ಲ ಹಾಳೆಯಾಯಿತು.

‘ಹೊಟ್ಟೆಗಿಲ್ಲದ ಮಕ್ಕಳಿಗೆ ಬಣ್ಣ ಯಾಕ್ರಯ್ಯಾ?’ ಅಂತ ನಮ್ಮ ಸಂಘಟನೆಯ ಹಿರಿಯರೊಬ್ಬರು ನಮ್ಮನ್ನು ಕೇಳಿದ್ದರು. ಆಗ ನಾವು ತಲೆ ತಗ್ಗಿಸಿದ್ದೆವು. ತೆರೆಜೀನಿನ ಮಕ್ಕಳೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು. ಆ ಸಾಲನ್ನೇ ಬರೆದ ಚಿತ್ರಗಳಿವೆ. ಮೂರು ಅಂತಸ್ತಿನ ಮಂಚಗಳ ಚಿತ್ರಗಳಿವೆ. ಅದಕ್ಕಿಂತ ಹೆಚ್ಚಾಗಿ ಬಿಟ್ಟು ಬಂದ ಮನೆ, ಹೂವು, ಹಡಗು, ಚಿಟ್ಟೆ ಇವೆ. ಪೋಸ್ಟರ್ ಮಾಡಿ ಜೈಲು ಕಂಡ ಕಮ್ಯುನಿಸ್ಟಳು ಮಕ್ಕಳ ಕೈಯಲ್ಲಿ ಪೋಸ್ಟರ್ ಮಾಡಿಸಲಿಲ್ಲ. 1943ರಲ್ಲಿ ಅಲ್ಲಿನ ಶಿಕ್ಷಕರ ಮುಂದೆ ಮಕ್ಕಳ ಚಿತ್ರಗಳ ಬಗ್ಗೆ ಮಾತಾಡುತ್ತಾ, ಮಕ್ಕಳನ್ನು ಕಲಾವಿದರನ್ನಾಗಿ ಮಾಡುವುದು ತನ್ನ ಉದ್ದೇಶವಲ್ಲ, ಅವರೊಳಗಿನ ಶಕ್ತಿಯನ್ನೂ ಸ್ವತಂತ್ರ ಬುದ್ಧಿಯನ್ನೂ ಬಿಡುಗಡೆ ಮಾಡುವುದು ಉದ್ದೇಶ ಎಂಬರ್ಥದಲ್ಲಿ ಹೇಳಿದಳು. ಮಕ್ಕಳು ಚಿತ್ರದ ಮೇಲೆ ತಂತಮ್ಮ ಹೆಸರು ಬರೆಯುತ್ತಿದ್ದರು. ಸಾಗಣೆಯ ಪಟ್ಟಿಯಲ್ಲಿ ಮನುಷ್ಯರು ಬರೀ ನಂಬರುಗಳಾಗಿದ್ದ ಜಾಗದಲ್ಲಿ, ಹೆಸರು.

ಇಲ್ಲಿ ನಮ್ಮ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಗುಡ್ಡ, ಸೂರ್ಯ ಬರೆಸಿದ್ದಕ್ಕೆ ನಾಚಿಕೆಯಾಗಿ ನಾವು ಬಂಡಾಯಕ್ಕೆ ಇಳಿದೆವು. ಹಲಗೆ ಮೇಲೆ ಮುಷ್ಟಿ ಬಿಗಿದ ಕೈ ಬರೆದೆವು, ಮಕ್ಕಳಿಂದಲೂ ಬರೆಸಿದೆವು. 22 ಮುಷ್ಟಿಗಳು. ಸೂರ್ಯನನ್ನು ಹೇಗೆ ಕಾಪಿ ಹೊಡೆದಿದ್ದವೋ ಹಾಗೇ. ಅದರಲ್ಲಿ ಒಬ್ಬ ಪೋರ ಮಾತ್ರ ಮುಷ್ಟಿ ಬಿಟ್ಟು ಚಾಪೆ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ ಕನ್ನಡಕದವರೊಬ್ಬರನ್ನು ಬರೆದಿದ್ದ. ‘ಬಾಬಾಸಾಯೇಬ್ರು ನಮ್ಮಟ್ಟೀಲಿ ಮುದ್ದೆ ಉಣ್ತಾವ್ರೆ ಸಾ’ ಅಂದ. ನಾವು ಸೂಟು, ಪುಸ್ತಕ, ಎತ್ತಿದ ಬೆರಳಿಲ್ಲದ ಅಂಬೇಡ್ಕರರನ್ನು ಕಂಡೇ ಇರಲಿಲ್ಲ. ಅದೃಷ್ಟಕ್ಕೆ ಆ ಹಾಳೆಗೆ ಕೈ ಹಾಕಲಿಲ್ಲ.

ತೆರೆಜೀನಿಗೆ 1944ರ ಜೂನ್ 23ರಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪ್ರತಿನಿಧಿಯೂ ಡೆನ್ಮಾರ್ಕಿನ ಪ್ರತಿನಿಧಿಗಳೂ ನೋಡಲು ಬಂದರು. ಅದಕ್ಕೆ ಮುಂಚೆ ಊರಿಗೆ ಸುಣ್ಣಬಣ್ಣ, ಹೂವಿನ ಗಿಡ, ಮಕ್ಕಳಿಗೊಂದು ಆಟದ ಅಂಗಳ. ಜನ ಕಿಕ್ಕಿರಿದಂತೆ ಕಾಣಬಾರದೆಂದು ಮೇ ತಿಂಗಳಲ್ಲೇ 7,500 ಜನರನ್ನು ಆಶ್‌ವಿಟ್ಸ್‌ಗೆ ರೈಲು ಹತ್ತಿಸಿದ್ದರು. ಬಂದವರು ನೋಡಿದರು, ಹೋದರು. ರೆಡ್‌ಕ್ರಾಸಿನವನು ಒಳ್ಳೆಯ ವರದಿಯನ್ನೇ ಬರೆದ.

ನಮ್ಮ ಭವನಕ್ಕೂ ಒಂದು ದಿನ ದುಡ್ಡು ಕೊಟ್ಟವರು ಬರುವವರಿದ್ದರು. ಗೋಡೆಗೆ ಹಾಕಲು ‘ಖುಷಿಯಾಗಿರೋ ಚಿತ್ರ’ ಆರಿಸಿ ಅಂತ ಕೆಲಸ ಕೊಟ್ಟ ಸಂಸ್ಥೆಯವರು ಹೇಳಿದರು. ಆರಿಸಿದೆವು. ಆ ಹುಡುಗಿಯ ಕಪ್ಪು ಹಾಳೆಯೂ ಆಯ್ಕೆಯಾಯಿತು. ಯಾಕೆಂದರೆ ಅದರಲ್ಲಿ ಸೂರ್ಯ ಇದ್ದ. ಬಂದವರಲ್ಲಿ ಒಬ್ಬರು ಅದರ ಮುಂದೆ ನಿಂತು, ‘ಕತ್ತಲೆಯಿಂದ ಬೆಳಕಿಗೆ!’ ಅಂದು ಫೋಟೋ ತೆಗೆಸಿಕೊಂಡರು. ಹುಡುಗಿ ಆವತ್ತು ಬಂದಿರಲಿಲ್ಲ. ಚಿತ್ರದ ಕೆಳಗೆ ಹೆಸರೂ ಇರಲಿಲ್ಲ. ಹೆಸರು ಬರೆಸಬೇಕೆಂದು ನಮಗೆ ಹೊಳೆದೇ ಇರಲಿಲ್ಲ.

ಪಾವೆಲ್‌ನನ್ನು 1944ರ ಸೆಪ್ಟೆಂಬರ್ ಕೊನೆಗೆ ಸಾಗಿಸಿದರು. ಫ್ರೀಡ್ಲ್ ತಾನಾಗೇ ಮುಂದಿನ ರೈಲಿಗೆ ಹೆಸರು ಕೊಟ್ಟಳು. ಅಕ್ಟೋಬರ್ 6ರಂದು ಹೊರಟ ಆ ರೈಲಿನಲ್ಲಿ ಆಕೆ ಕಲಿಸಿದ ಮಕ್ಕಳೂ ಇದ್ದರು. ಆಶ್‌ವಿಟ್ಸ್‌ನಲ್ಲಿ ಆಕೆಯನ್ನು ಕೊಂದರು. ಪಾವೆಲ್ ಬದುಕಿ ಉಳಿದ. ಹೊರಡುವ ಮುಂಚೆ ಮಕ್ಕಳ ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಡಲಾಗಿತ್ತು. ಸುಮಾರು 4,500. ಯುದ್ಧ ಮುಗಿದು 1945ರಲ್ಲಿ ವಿಲ್ಲಿ ಗ್ರೋಗ್ ಎಂಬಾತ, ಹುಡುಗಿಯರ ವಸತಿಗೃಹ ನೋಡಿಕೊಳ್ಳುತ್ತಿದ್ದವನು, ಅವನ್ನು ಪ್ರಾಗ್‌ಗೆ ಹೊತ್ತು ತಂದ. ಈಗ ಅಲ್ಲಿನ ಯೆಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಚಿತ್ರ ಅವರನ್ನು ಕಾಪಾಡಲಿಲ್ಲ. ಹೆಸರು ಬರೆದಿದ್ದರಿಂದ ಯಾವ ಹೂವು ಯಾವ ಮಗುವಿನದು ಅನ್ನೋದಾದರೂ ಗೊತ್ತು.

ಎಡಿತ್ ಕ್ರೇಮರ್ ಏನಾದಳು? ಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ಒಂದು ಕಾರ್ಖಾನೆಯಲ್ಲಿ ಯಂತ್ರದ ಕೆಲಸ ಮಾಡಿದಳು. ಶಿಫ್ಟು ಮುಗಿದ ಮೇಲೆ ಅಲ್ಲೇ ಕೂತು ಕೆಲಸಗಾರರ ಚಿತ್ರ ಬರೆಯುತ್ತಿದ್ದಳು. 1950ರಲ್ಲಿ ವಿಲ್ಟ್‌ವಿಕ್ ಎಂಬ ಹುಡುಗರ ವಸತಿಶಾಲೆ ಸೇರಿದಳು. ‘ಕೆಟ್ಟ ಹುಡುಗರು’ ಅಂತ ಕೋರ್ಟು, ಪೊಲೀಸು ಹಣೆಪಟ್ಟಿ ಹಚ್ಚಿದ ಎಳೆಯರು ಅಲ್ಲಿದ್ದರು. ಬಹಳಷ್ಟು ಜನ ನ್ಯೂಯಾರ್ಕಿನ ಕರಿಯರ ಕೇರಿಗಳವರು. ಮುಂದೆ ಹಾರ್ಲೆಮ್ಮಿನ ತನ್ನ ಬದುಕನ್ನು ಬರೆದು 1965ರಲ್ಲಿ ಪ್ರಕಟಿಸಿದ ಕ್ಲಾಡ್ ಬ್ರೌನ್ ಕೂಡ ಆ ಶಾಲೆಯ ಹುಡುಗನೇ. ಕರಿಯರ ಪ್ಯಾಂಥರ್ ಹೆಸರನ್ನೇ ಹೊತ್ತು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದನ್ನು ಓದಿ ಬೆಳೆದ ನಮಗೆ ಅಲ್ಲಿಂದ ಇಲ್ಲಿಗೆ ದಾರಿ ದೂರ ಅನ್ನಿಸುವುದಿಲ್ಲ. ಎಡಿತ್ ಅಲ್ಲಿನ ಅನುಭವವನ್ನು 1958ರಲ್ಲಿ ಪುಸ್ತಕ ಮಾಡಿದಳು, 2014ರವರೆಗೆ ಬದುಕಿದ್ದಳು. 1986ರ ಒಂದು ಲೇಖನದಲ್ಲಿ ಅವಳು ‘ಮೂರನೇ ಕೈ’ ಅನ್ನುವ ಮಾತು ತಂದಳು. ಕಲಿಸುವವರಿಗೆ ಮೂರನೆಯದೊಂದು ಕೈ ಇರಬೇಕು. ಅದು ಮಗುವಿಗೆ ನೆರವಾಗಬೇಕು, ಆದರೆ ಮಗು ಹೇಳಲು ಹೊರಟದ್ದನ್ನು ತಿರುಚಬಾರದು, ತನ್ನ ರುಚಿಯನ್ನು ಹೇರಬಾರದು. ಇದನ್ನು ಓದಿದ ರಾತ್ರಿ ನಾವು ನಮ್ಮ ಕೈ ನೋಡಿಕೊಂಡೆವು.

ಕೊನೆಯ ತಿಂಗಳು ಹಲಗೆ ಒರೆಸಿಬಿಟ್ಟೆವು. ಸೂರ್ಯನೂ ಇಲ್ಲ, ಮುಷ್ಟಿಯೂ ಇಲ್ಲ. ಮೂರ್ನಾಲ್ಕು ದಿನ ಮಕ್ಕಳು, ‘ಏನ್ ಬರೀಲಿ ಸಾ?’ ಅಂತ ಪ್ರಾಣ ತಿಂದವು. ಆಮೇಲೆ ನಲ್ಲಿ ಬಂತು, ನಾಯಿ ಬಂತು, ತಮಟೆ ಕಾಯಿಸುವ ಬೆಂಕಿ ಬಂತು, ಹೆಸರು ಬಂದವು. ಆ ಹುಡುಗಿಗೆ ಹಳೇ ಹಾಳೆ ವಾಪಸು ಕೊಟ್ಟು, ಸೂರ್ಯ ಬರೆದದ್ದು ನಮ್ಮ ತಪ್ಪು ಅಂದೆವು. ಅವಳು ಒಂದು ಗಳಿಗೆ ನೋಡಿ, ಕಪ್ಪು ಬಳಪ ತಗೊಂಡು ಸೂರ್ಯನ ಮೇಲೆ ತಿಕ್ಕತೊಡಗಿದಳು. ಹಳದಿ ಪೂರಾ ಮುಚ್ಚಲಿಲ್ಲ. ‘ಇರ್ಲಿ ಬುಡಿ ಸಾ, ಬೀದಿ ಲೈಟು’ ಅಂದಳು. ಕೆಳಗೆ ತನ್ನ ಹೆಸರು ಬರೆದು, ಪಕ್ಕದಲ್ಲಿ ಅವ್ವನ ಹೆಸರನ್ನೂ ಬರೆದಳು.

ನಮ್ಮ ತರಬೇತಿ ಮುಗಿದಿದೆ, ಸರ್ಟಿಫಿಕೇಟು ಬಂದಿದೆ. ಸಂಜೆಯ ಕ್ಲಾಸನ್ನು ಈಗ ಕೇರಿಯ ಹುಡುಗರೇ ಭವನದ ಜಗಲಿಯಲ್ಲಿ ನಡೆಸುತ್ತಿದ್ದಾರೆ, ವಾರಕ್ಕೆ ಮೂರು ದಿನ ನಾವೂ ಹೋಗುತ್ತೇವೆ. ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳಲ್ಲಿ, ಕಚೇರಿಯ ಗೆಳೆಯರಲ್ಲಿ ಕೇಳುವುದಿಷ್ಟೆ: ಒಂದು ಮಗ್ಗುಲು ಖಾಲಿ ಇರುವ ಕಾಗದ ಎಸೆಯಬೇಡಿ, ಎತ್ತಿಡಿ. ಬಣ್ಣ ಕೊಡುವುದಾದರೆ ಕಪ್ಪು ಜಾಸ್ತಿ ಇರಲಿ. ಡಬ್ಬಿಯಲ್ಲಿ ಅದೇ ಮೊದಲು ಮುಗಿಯುತ್ತದೆ.