ಆಗಸದ ಮಾತಿಗೆ ಬೀಗ

ಗೋಡೆಗೂ ಕಿವಿಯುಂಟೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಗೋಡೆಯೇ ಇಲ್ಲದ ಆಗಸದಲ್ಲಿ ಸೈನ್ಯಗಳು ಗುಟ್ಟನ್ನು ಕಾಯ್ದುಕೊಳ್ಳುವ ಬಗೆಯನ್ನು ನಾವಿಲ್ಲಿ ವಿಚಾರಿಸೋಣ.

1914ರ ಆಗಸ್ಟಿನಲ್ಲಿ, ಟ್ಯಾನೆನ್‌ಬರ್ಗ್ ಕದನದ ವೇಳೆ, ರಷ್ಯದ ಸೇನಾನಿಗಳು ತಮ್ಮ ಆಜ್ಞೆಗಳಲ್ಲಿ ಹಲವನ್ನು ಗೂಢಲಿಪಿಯಿಲ್ಲದೆ ನಿಸ್ತಂತುವಿನ ಮೂಲಕ ಕಳುಹಿಸಿದರು. ಜರ್ಮನರು ಆಲಿಸಿದರು, ಸ್ಯಾಮ್ಸೊನೊವನ ಸೈನ್ಯ ನಾಶವಾಯಿತು.

ಉಪಗ್ರಹಗಳು ಬಂದ ಮೇಲೆ ಈ ಅಪಾಯ ಹಿಗ್ಗಿತು. ಸುಮಾರು 36,000 ಕಿ.ಮೀ. ಎತ್ತರದಿಂದಿಳಿಯುವ ಅಲೆಗಳು ಮಿತ್ರರ ಅಂಗಳದಂತೆ ಶತ್ರುವಿನ ಅಂಗಳಕ್ಕೂ ಬೀಳುತ್ತವೆ. ಆದುದರಿಂದ ಸಂದೇಶವನ್ನು ಗೂಢಲಿಪಿಗೆ ತಿರುಗಿಸುವುದು, ಕಂಪನಾಂಕವನ್ನು ಕ್ಷಣಕ್ಷಣಕ್ಕೂ ಬದಲಿಸುವುದು, ಅಲೆಗಳನ್ನು ಕಿರಿದಾದ ಪ್ರದೇಶಕ್ಕಷ್ಟೇ ಬೀರುವುದು ಎಂಬ ಮೂರು ಉಪಾಯಗಳು ಬೆಳೆದವು. ಅಮೆರಿಕವು 1994ರಲ್ಲಿ ಹಾರಿಸಿದ ಮೊದಲ ಮಿಲ್‌ಸ್ಟಾರ್ ಉಪಗ್ರಹದಲ್ಲಿ ಇವು ಮೂರೂ ಕೂಡಿದ್ದವು.

ಆದರೂ ಇರಾಕಿನ ಬಂಡುಕೋರರ ಲ್ಯಾಪ್‌ಟಾಪುಗಳಲ್ಲಿ ಅಮೆರಿಕದ ಪ್ರಿಡೇಟರ್ ಡ್ರೋನುಗಳು ಕಳುಹಿಸಿದ ಚಿತ್ರಗಳು ದೊರೆತ ಸಂಗತಿ 2009ರ ಡಿಸೆಂಬರಿನಲ್ಲಿ ಬಯಲಾಯಿತು. ಉಪಗ್ರಹದ ಸಂಕೇತಗಳನ್ನು ಹಿಡಿಯಲೆಂದು ಮಾಡಿದ ಸ್ಕೈಗ್ರ್ಯಾಬರ್ ಎಂಬ ತಂತ್ರಾಂಶದ ಬೆಲೆ ಆಗ ಸುಮಾರು 26 ಡಾಲರಾಗಿತ್ತು! ಚಿತ್ರಗಳಿಗೆ ಗೂಢಲಿಪಿಯ ರಕ್ಷಣೆಯೇ ಇರಲಿಲ್ಲ. ಈ ಲೋಪವು 1990ರ ದಶಕದ ಬೋಸ್ನಿಯ ಕಾರ್ಯಾಚರಣೆಯಿಂದಲೂ ತಿಳಿದದ್ದೇ. ಅದನ್ನು ಬಳಸಿಕೊಳ್ಳುವ ಜಾಣ್ಮೆ ಎದುರಾಳಿಗಿರದೆಂದು ಅಧಿಕಾರಿಗಳು ಭಾವಿಸಿದ್ದರು.

ಮಿಲ್‌ಸ್ಟಾರಿಗೆ ಅಷ್ಟು ಭದ್ರವಾಗಿ ಬೀಗ ಹಾಕಿದ ದೇಶವೇ ಈ ಬಾಗಿಲನ್ನು ತೆರೆದಿಟ್ಟಿತ್ತು. ಟ್ಯಾನೆನ್‌ಬರ್ಗಿನಿಂದ ಇರಾಕಿನವರೆಗಿನ ಈ ಇತಿಹಾಸದಲ್ಲಿ ಬೀಗಗಳು ಬಹಳ ಸುಧಾರಿಸಿವೆ. ಆದರೆ ಕದ್ದು ಕೇಳುವವನ ಬುದ್ಧಿಯನ್ನು ಕೀಳಾಗಿ ಎಣಿಸಿದ ಸೈನ್ಯಕ್ಕೆ ಯಾವ ಬೀಗವೂ ಗುಟ್ಟನ್ನು ಉಳಿಸಿಕೊಡಲಾರದೆಂಬುದನ್ನು ನಾವು ಮರೆಯಲಾಗದು.