ಶಾರ್ಲೊಟ್ಟೆ ಸಾಲೊಮೊನ್: ಮುಚ್ಚಿಟ್ಟ ನೋವಿನ ಚಿತ್ರಕಥೆ

ಶಾರ್ಲೊಟ್ಟೆ ಸಾಲೊಮೊನ್ (1917–1943) ಜರ್ಮನಿಯ ಯಹೂದಿ ಚಿತ್ರಕಲಾವಿದೆ. ಮನೆತನ ಬಚ್ಚಿಟ್ಟಿದ್ದ ಸಾವುಗಳನ್ನೂ ನಾಜಿಗಳ ಕಾಲದ ತನ್ನ ಬದುಕನ್ನೂ ನೂರಾರು ಜಲವರ್ಣ ಚಿತ್ರಗಳಲ್ಲಿ ಹೇಳಿದವಳು. ‘ಬದುಕೋ? ನಾಟಕವೋ?’ ಎಂಬುದು ಈ ಚಿತ್ರಮಾಲೆಯ ಹೆಸರು.

ಬಾಲ್ಯ

ಹುಟ್ಟಿದ್ದು ಬರ್ಲಿನ್ನಿನಲ್ಲಿ, 1917ರ ಏಪ್ರಿಲ್ 16ರಂದು. ತಂದೆ ಆಲ್ಬರ್ಟ್ ಶಸ್ತ್ರವೈದ್ಯ. ತಾಯಿ ಫ್ರಾಂಜಿಸ್ಕಾ 1926ರಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ, ಜ್ವರದಿಂದ ತೀರಿಹೋದಳೆಂದು ಮಗುವಿಗೆ ಹೇಳಿದರು. 1913ರಲ್ಲಿ ಚಿಕ್ಕಮ್ಮನೊಬ್ಬಳು ನೀರಿಗೆ ಹಾರಿ ಸತ್ತಿದ್ದಳು; ಆಕೆಯ ಹೆಸರನ್ನೇ ಇವಳಿಗೆ ಇಟ್ಟಿದ್ದರು. ಮುಂದೆ ಗಾಯಕಿ ಪೌಲಾ ಲಿಂಡ್‌ಬರ್ಗ್ ಮಲತಾಯಿಯಾಗಿ ಬಂದಾಗ ಮನೆ ತುಂಬ ಸಂಗೀತ ಹರಿಯಿತು.

ಫ್ರಾನ್ಸಿನ ಆಸರೆ

1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ನಡೆದ ದಾಳಿಗಳ ಬಳಿಕ ನಾಜಿಗಳು ತಂದೆಯನ್ನು ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಕೂಡಿಹಾಕಿದರು. ಮಗಳನ್ನು 1939ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿದ್ದ ಅಜ್ಜ-ಅಜ್ಜಿಯ ಬಳಿಗೆ ಕಳಿಸಲಾಯಿತು. 1940ರಲ್ಲಿ ಅಜ್ಜಿಯೂ ಆತ್ಮಹತ್ಯೆ ಮಾಡಿಕೊಂಡಳು. ಮನೆತನದ ಆತ್ಮಹತ್ಯೆಗಳ ಸರಣಿಯನ್ನು ಅಜ್ಜ ಬಾಯಿಬಿಟ್ಟು ಹೇಳಿದ್ದು ಆ ದಿನಗಳಲ್ಲೇ. ಶಾರ್ಲೊಟ್ಟೆಯ ಮುಂದೆ ಎರಡು ದಾರಿಗಳಿದ್ದವು: ಅದೇ ಸರಣಿಗೆ ಸೇರುವುದು, ಇಲ್ಲವೇ ಅದನ್ನು ಹೊರಗಿಟ್ಟು ನೋಡುವುದು. ಆಕೆ ಕುಂಚ ಹಿಡಿದಳು.

ಕೃತಿಯ ಸ್ವರೂಪ

1940ರಿಂದ 1942ರ ನಡುವೆ 1,300ಕ್ಕೂ ಹೆಚ್ಚು ಹಾಳೆಗಳನ್ನು ಚಿತ್ರಿಸಿ, ಸುಮಾರು 770ನ್ನು ಆರಿಸಿ ಕಥೆಯಾಗಿ ಜೋಡಿಸಿದಳು. ಬಳಸಿದ್ದು ಗೊವಾಶ್, ಅಂದರೆ ಕೆಳಗಿನ ಕಾಗದ ಕಾಣದಂತೆ ದಟ್ಟವಾಗಿ ಕೂರುವ ಜಲವರ್ಣ. ನಮ್ಮ ಶಾಲೆಗಳ ಪೋಸ್ಟರ್ ಕಲರ್‌ಗೆ ಹತ್ತಿರದ್ದು. ಕೆಂಪು, ಹಳದಿ, ನೀಲಿ ಬಣ್ಣಗಳಿಂದಲೇ ಉಳಿದವನ್ನೆಲ್ಲ ಕಲಸಿಕೊಂಡಳು. ಮೊದಲ ಭಾಗದ ಮಾತುಗಳು ಚಿತ್ರದ ಮೇಲೆ ಹೊದಿಸಿದ ತೆಳು ಪಾರದರ್ಶಕ ಹಾಳೆಯಲ್ಲಿವೆ. ಕಥೆ ಮುಂದುವರಿದಂತೆ ಕುಂಚದ ಓಟ ಅವಸರವಾಗುತ್ತದೆ, ಬರಹ ಚಿತ್ರದೊಳಗೇ ನುಗ್ಗುತ್ತದೆ.

ಇದನ್ನು ಆಕೆ ಹಾಡುನಾಟಕವೆಂದು ಕರೆದಳು. ದೃಶ್ಯಗಳಿಗೆ ಯಾವ ರಾಗ ಹೊಂದಬೇಕೆಂದೂ ಸೂಚಿಸಿದಳು. ಮನೆಯವರಿಗೆಲ್ಲ ಬೇರೆ ಹೆಸರಿಟ್ಟು ಪಾತ್ರಗಳಾಗಿಸಿದ್ದರಿಂದ, ಸ್ವಂತ ದುಃಖವನ್ನು ಪ್ರೇಕ್ಷಕಿಯಂತೆ ನೋಡುವಷ್ಟು ದೂರ ಆಕೆಗೆ ದಕ್ಕಿತು.

ಕೊನೆ ಮತ್ತು ಉಳಿಕೆ

ಚಿತ್ರಗಳನ್ನು ಪರಿಚಿತ ವೈದ್ಯ ಮೊರಿಡಿಸ್ ಅವರ ಕೈಗೆ ಒಪ್ಪಿಸಿದಳು. 1943ರಲ್ಲಿ ಅಲೆಕ್ಸಾಂಡರ್ ನಾಗ್ಲರ್‌ನನ್ನು ಮದುವೆಯಾದಳು. ಅದೇ ವರ್ಷ ಆಕೆಯನ್ನು ಬಂಧಿಸಿ ಒಯ್ದ ನಾಜಿಗಳು ಅಕ್ಟೋಬರ್‌ನಲ್ಲಿ ಆಶ್ವಿಟ್ಜ್ ಶಿಬಿರದಲ್ಲಿ ಕೊಂದರು. ಆಗ ವಯಸ್ಸು 26, ಬಸುರಿ.

ಬದುಕುಳಿದ ತಂದೆ, ಮಲತಾಯಿಗೆ ಯುದ್ಧದ ನಂತರ ಚಿತ್ರಗಳು ಸಿಕ್ಕವು. 1971ರಲ್ಲಿ ಅವರು ಅವನ್ನು ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಮಾಲೆಯ ಕೊನೆಯ ಚಿತ್ರದಲ್ಲಿ ಆಕೆ ನಮಗೆ ಬೆನ್ನು ಮಾಡಿ, ಕಡಲಿಗೆ ಮುಖ ಮಾಡಿ, ಕೈಯಲ್ಲಿ ಕುಂಚ ಹಿಡಿದಿದ್ದಾಳೆ. ಬೆನ್ನ ಮೇಲೆ ಬರೆದಿರುವುದು ಕೃತಿಯ ಹೆಸರೇ. ಮನೆಯವರು ಮುಚ್ಚಿಟ್ಟದ್ದನ್ನು ಮಗಳು ತನ್ನ ಮೈಮೇಲೆಯೇ ಬರೆದು ತೋರಿಸಿದಳು.